ಹಕ್ಕಿಗೂಡಿನ ಹಂಟ್

ಇಂಗ್ಲೆಂಡಿನ ಚಿತ್ರಕಲೆಯ ಚರಿತ್ರೆಯಲ್ಲಿ ಹಂಟ್ ಎಂಬ ಹೆಸರಿನ ವಿಲಿಯಮ್ಮರು ಇಬ್ಬರುಂಟು. ಹೋಲ್ಮನ್ ಹಂಟನ ಕೀರ್ತಿ ದೊಡ್ಡದು. ನಾನಿಲ್ಲಿ ಹೇಳಹೊರಟಿರುವುದು ಅವನಿಗಿಂತ ಹಿರಿಯನಾದ ವಿಲಿಯಂ ಹೆನ್ರಿ ಹಂಟನ ವಿಷಯ. ಹಕ್ಕಿಗೂಡುಗಳನ್ನು ಬರೆದು ಬರೆದು ಆ ಗೂಡಿನ ಹೆಸರನ್ನೇ ಬಿರುದಾಗಿ ಪಡೆದ ಜಲವರ್ಣ ಚಿತ್ರಕಾರನೀತ.

ಆತನು ಹುಟ್ಟಿದ್ದು 1790ರಲ್ಲಿ, ಲಂಡನ್ನಿನಲ್ಲಿ. ತಂದೆ ತಗಡಿನ ಕೆಲಸಗಾರ. ಹುಡುಗನ ಕಾಲುಗಳು ದುರ್ಬಲವಾಗಿದ್ದುವು. ಬೇರಾವ ಕೆಲಸಕ್ಕೂ ಬಾರದ ಕುಂಟನೆಂದೇ ಅವನನ್ನು ಚಿತ್ರಕಾರನಾಗಿ ಮಾಡಿದರೆಂದು ಬಂಧುವೊಬ್ಬನು ಹೇಳುತ್ತಿದ್ದನಂತೆ. ಎಷ್ಟು ನಿಷ್ಠುರವಾದ ಮಾತು! ಜಾನ್ ವಾರ್ಲಿಯ ಬಳಿ ಶಿಷ್ಯವೃತ್ತಿ, 1808ರಲ್ಲಿ ರಾಯಲ್ ಅಕಾಡೆಮಿಯ ಶಾಲೆ. ಕಲಾಪೋಷಕನಾದ ಡಾಕ್ಟರ್ ಮನ್ರೋ ಎಂಬಾತನ ಮನೆಯಲ್ಲಿದ್ದಾಗ, ಮನುಷ್ಯನೋ ಕತ್ತೆಯೋ ಎಳೆಯುವ ಮುಚ್ಚುಗಾಡಿಯಲ್ಲಿ ಕುಳಿತು ಬಯಲಿಗೆ ಹೋಗಿ ಚಿತ್ರ ಬರೆಯುತ್ತಿದ್ದನು. ಬೆಟ್ಟ ಹತ್ತಿ ಕಣಿವೆ ಇಳಿಯುವ ಭಾಗ್ಯ ಅವನಿಗಿರಲಿಲ್ಲ. ದ್ರಾಕ್ಷಿಯ ಗೊಂಚಲು, ಪ್ಲಮ್ ಹಣ್ಣು, ಪಾಚಿಯ ದಿಂಡು, ಮೇಜಿನ ಮೇಲೆ ಹಿಡಿಸುವ ಇಷ್ಟೇ ಜಗತ್ತು ಕೊನೆಗೆ ಅವನ ಪಾಲಿಗೆ ಬಂದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ.

ತರಗತಿಯಲ್ಲಿ ಸ್ವಭಾವೋಕ್ತಿಯ ಪಾಠ ಬಂದಾಗಲೆಲ್ಲ ನನಗೆ ಈತನ ನೆನಪಾಗುತ್ತದೆ. ಇದ್ದುದನ್ನು ಇದ್ದಂತೆ ಹೇಳುವುದರಲ್ಲಿ ಅಲಂಕಾರವೆಲ್ಲಿಂದ ಬಂತು ಎಂದು ಕುಂತಕನು ಕೇಳಿದನು. ದಂಡಿಯಾದರೋ ಅದಕ್ಕೇ ಅಗ್ರಸ್ಥಾನವನ್ನಿತ್ತನು. ವಿದ್ಯಾರ್ಥಿಗಳು ಅದನ್ನು ಎಲ್ಲಕ್ಕಿಂತ ಸುಲಭವಾದುದೆಂದು ತಿಳಿಯುತ್ತಾರೆ. ಒಂದು ದ್ರಾಕ್ಷಿಯನ್ನು ಜಲವರ್ಣದಲ್ಲಿ ಬರೆದು ನೋಡಲಿ! ಬೆಳಕು ಬೀಳುವ ಕಡೆ ಕಿಟಕಿಯ ಪುಟ್ಟ ಪ್ರತಿಬಿಂಬ. ಎದುರು ಅಂಚಿನಲ್ಲಿ ತಿರುಳನ್ನು ಹಾಯ್ದು ಬಂದ ಬೆಳಕಿನ ಹೊಂಬಣ್ಣ. ಪಕ್ಕದ ಹಣ್ಣಿನಿಂದ ಎರವಲು ಪಡೆದ ಛಾಯೆ. ಪ್ಲಮ್ಮಿನದು ಇನ್ನೂ ಕಷ್ಟ. ಸಿಪ್ಪೆಯ ಮೇಲಣ ನೀಲಿಬೂದು ಹುಡಿ ಬೆಳಕನ್ನು ಚೆದುರಿಸುತ್ತದೆ. ಬೆರಳು ತಾಗಿ ಹುಡಿ ಅಳಿಸಿದೆಡೆ ಅದೇ ಸಿಪ್ಪೆ ಕನ್ನಡಿಯಂತೆ ಹೊಳೆಯುತ್ತದೆ. ಒಂದೇ ಹಣ್ಣಿನಲ್ಲಿ ಎರಡು ಮೈ.

ಜಲವರ್ಣದ ಸಂಪ್ರದಾಯದಲ್ಲಿ ಬಿಳುಪೆಂದರೆ ಕಾಗದದ ಬಿಳುಪೇ. ಹೊಳಪಿನ ಜಾಗವನ್ನು ಬಣ್ಣ ತಾಗಿಸದೆ ಉಳಿಸಿಕೊಳ್ಳಬೇಕು, ಇಲ್ಲವೆ ಚಾಕುವಿನಿಂದ ಕೆರೆದು ತೆಗೆಯಬೇಕು. ಸೀಸದ ಬಿಳುಪನ್ನು ನಂಬುವಂತಿರಲಿಲ್ಲ. ಜಲವರ್ಣದಲ್ಲಿ ಅದು ಕಾಲಕ್ರಮೇಣ ಕಪ್ಪಾಗುತ್ತಿತ್ತು. 1834ರಲ್ಲಿ ವಿನ್ಸರ್ ಅಂಡ್ ನ್ಯೂಟನ್ ಸಂಸ್ಥೆಯವರು ಸತುವಿನಿಂದ ಮಾಡಿದ ಚೈನೀಸ್ ವೈಟನ್ನು ಹೊರತಂದರು. ಹಂಟನು ಹಣ್ಣಿನ ಆಕಾರದಷ್ಟು ಜಾಗಕ್ಕೆ ಈ ಬಿಳಿಯನ್ನು ದಪ್ಪನಾಗಿ ಬಳಿದು, ಅದು ಚೆನ್ನಾಗಿ ಒಣಗಿ ಗಟ್ಟಿಯಾದ ಮೇಲೆ, ಶುದ್ಧವರ್ಣದ ಸಣ್ಣ ಸಣ್ಣ ಗೀರು ಚುಕ್ಕೆಗಳನ್ನು ಒತ್ತೊತ್ತಾಗಿ ಇಡುತ್ತಿದ್ದನು. ಕೈ ತಡವರಿಸಿದರೆ ಕೆಳಗಿನ ಬಿಳಿ ಕದಡಿ ಬಣ್ಣ ಕೆಡುವುದು. ಕೈ ನಿಂತರೆ ಬೆಳಕು ಬಣ್ಣವನ್ನು ಹಾಯ್ದು, ಬಿಳಿಯನ್ನು ಮುಟ್ಟಿ, ಹಿಂದಿರುಗಿ ಬರುವುದು. ಇದು ಜಲವರ್ಣದ ಶುದ್ಧಿಗೆ ಕುಂದೆಂದು ಎಣಿಸುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಆತನು ಕಾಗದದ ಗುಣವನ್ನು ಬಿಡಲಿಲ್ಲ, ಕಾಗದಕ್ಕಿಂತ ಬೆಳ್ಳಗಿನ ನೆಲವೊಂದನ್ನು ತಾನೇ ಮಾಡಿಕೊಂಡನು, ಅಷ್ಟೆ.

ಹಳೆಯ ಜಲವರ್ಣ ಸಂಘವು 1826ರಲ್ಲಿ ಅವನನ್ನು ಪೂರ್ಣ ಸದಸ್ಯನನ್ನಾಗಿ ಆರಿಸಿತು. ಗಾಂಧೀಜಿಯವರ ಸರ್ವೋದಯ ವಿಚಾರಕ್ಕೆ ಪ್ರೇರಣೆಯಾದ ರಸ್ಕಿನ್ನನು ಈ ತಗಡಿನವನ ಮಗನ ಬಳಿ ಪಾಠ ಹೇಳಿಸಿಕೊಂಡನು. 1864ರ ಫೆಬ್ರವರಿ 10ರಂದು ಹಂಟನು ಲಂಡನ್ನಿನಲ್ಲಿಯೇ ತೀರಿಕೊಂಡನು. ಅದಾಗಿ ಹದಿನೈದು ವರ್ಷಗಳ ಮೇಲೆ, 1879-80ರಲ್ಲಿ, ಅವನ ಮತ್ತು ಸ್ಯಾಮ್ಯುಯೆಲ್ ಪ್ರೌಟನ ಚಿತ್ರಗಳನ್ನು ಜೊತೆಯಾಗಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಾಗ, ಅವಕ್ಕೆ ಟಿಪ್ಪಣಿ ಬರೆಯಲು ಕುಳಿತವನೂ ಆ ಶಿಷ್ಯನೇ.