ರಕ್ತಪಿಶಾಚಿಯ ಕಥೆಗಾರ: ಬರೆದದ್ದು ಪಾಲಿಡೋರಿ, ಕೀರ್ತಿ ಬೈರನ್‌ಗೆ

1819ರ ಏಪ್ರಿಲ್ 1ರಂದು ಲಂಡನ್ನಿನ ‘ನ್ಯೂ ಮಂತ್ಲಿ ಮ್ಯಾಗಜೀನ್’ ಪತ್ರಿಕೆಯಲ್ಲಿ ‘ದಿ ವ್ಯಾಂಪೈರ್’ ಎಂಬ ಕಥೆ ಪ್ರಕಟವಾಯಿತು. ಲೇಖಕನ ಹೆಸರು ಲಾರ್ಡ್ ಬೈರನ್ ಎಂದಿತ್ತು. ಯುರೋಪಿನಾದ್ಯಂತ ಮನೆಮಾತಾಗಿದ್ದ ಕವಿಯ ಹೆಸರದು, ಓದುಗರು ಮುಗಿಬಿದ್ದರು. ಆದರೆ ಬೈರನ್ ಆ ಕಥೆಯನ್ನು ಬರೆದಿರಲೇ ಇಲ್ಲ. ಬರೆದವನು, 1816ರಲ್ಲಿ ಅದೇ ಕವಿ ಕೆಲಸದಿಂದ ತೆಗೆದುಹಾಕಿದ್ದ ತರುಣ ವೈದ್ಯ ಜಾನ್ ವಿಲಿಯಂ ಪಾಲಿಡೋರಿ.

ಪಾಲಿಡೋರಿ ಜನಿಸಿದ್ದು 1795ರಲ್ಲಿ, ಲಂಡನ್ನಿನಲ್ಲಿ. ತಂದೆ ಇಟಲಿಯಿಂದ ಬಂದು ನೆಲೆಸಿದ ವಿದ್ವಾಂಸ, ತಾಯಿ ಇಂಗ್ಲಿಷ್ ಮಹಿಳೆ. ಎಡಿನ್‌ಬರೋದಲ್ಲಿ ನಿದ್ರಾನಡಿಗೆಯ ಕುರಿತು ಪ್ರಬಂಧ ಮಂಡಿಸಿ ವೈದ್ಯ ಪದವಿ ಪಡೆದಾಗ ಆತನಿಗಿನ್ನೂ 19. ಮರುವರ್ಷವೇ ಬೈರನ್‌ನ ಖಾಸಗಿ ವೈದ್ಯನಾಗಿ ಪ್ರವಾಸ ಹೊರಟ. ಪ್ರವಾಸದ ದಿನಚರಿ ಬರೆದರೆ 500 ಪೌಂಡ್ ಕೊಡುವುದಾಗಿ ಪ್ರಕಾಶಕ ಜಾನ್ ಮರ್ರೆ ಮಾತು ಕೊಟ್ಟಿದ್ದನೆಂದು ಕುಟುಂಬದವರು ಮುಂದೆ ದಾಖಲಿಸಿದ್ದಾರೆ.

ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿದ್ದರಿಂದ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ವಿಲ್ಲಾ ಡಿಯೋಡಾಟಿಯಲ್ಲಿ ಮಳೆಗೆ ಸಿಕ್ಕಿಬಿದ್ದ ಬೈರನ್, ಕವಿ ಶೆಲ್ಲಿ, ಮುಂದೆ ಶೆಲ್ಲಿಯ ಪತ್ನಿಯಾದ ಮೇರಿ ಮತ್ತು ಪಾಲಿಡೋರಿ, ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯಬೇಕೆಂದು ನಿಶ್ಚಯಿಸಿದರು. ಮೇರಿಯ ಕಥೆ ‘ಫ್ರಾಂಕೆನ್‌ಸ್ಟೈನ್’ ಆಯಿತು. ಬೈರನ್ ಕೆಲವು ಪುಟ ಗೀಚಿ ಕೈಬಿಟ್ಟ. ಮಹಾಕವಿಗಳ ನಡುವೆ ತಾನೂ ಲೇಖಕನೆನಿಸಿಕೊಳ್ಳುವ ಹಂಬಲ ವೈದ್ಯನದು. ಅಲ್ಲಿ ಸಿಕ್ಕಿದ್ದು ಹೆಚ್ಚಾಗಿ ಪರಿಹಾಸ್ಯ. ದೋಣಿ ಪಂದ್ಯದಲ್ಲಿ ಸೋತು ಶೆಲ್ಲಿಯನ್ನು ದ್ವಂದ್ವಯುದ್ಧಕ್ಕೆ ಕರೆದನೆಂಬ ಕಥೆಯೂ ಉಂಟು. ಸೆಪ್ಟೆಂಬರ್ ಹೊತ್ತಿಗೆ ಬೈರನ್ ಆತನನ್ನು ಕಳುಹಿಸಿಬಿಟ್ಟ.

ಬೈರನ್ ಕೈಬಿಟ್ಟ ಎಳೆಯನ್ನೇ ಹಿಡಿದು ಪಾಲಿಡೋರಿ ತನ್ನ ಕಥೆ ಹೆಣೆದಿದ್ದ. ಪರಿಚಿತ ಮಹಿಳೆಯೊಬ್ಬರಿಗಾಗಿ ಬರೆದು ಜಿನೀವಾದಲ್ಲೇ ಬಿಟ್ಟುಬಂದ ಹಸ್ತಪ್ರತಿ ತನ್ನ ಅರಿವಿಗೆ ಬಾರದೆ ಅಚ್ಚಾಯಿತೆಂಬುದು ಆತನ ವಿವರಣೆ. ಅಲ್ಲಿಯವರೆಗೆ ಜನಪದದ ರಕ್ತಪಿಶಾಚಿಯೆಂದರೆ ಗೋರಿಯಿಂದೆದ್ದು ಬರುವ, ಹಳ್ಳಿಗರನ್ನು ಕಾಡುವ ಊದಿಕೊಂಡ ಹೆಣ. ಪಾಲಿಡೋರಿಯ ಲಾರ್ಡ್ ರುತ್ವೆನ್ ಹಾಗಲ್ಲ. ಶ್ರೀಮಂತ, ನಿಸ್ತೇಜ ಮುಖದ ಸುಂದರ, ತರುಣಿಯರನ್ನು ಮರುಳುಗೊಳಿಸಿ ಕೊಲ್ಲುವವನು. ಈ ಚಿತ್ರದಲ್ಲಿ ಬೈರನ್‌ನದೇ ಛಾಯೆ ಇತ್ತು. ಬೈರನ್‌ನನ್ನು ಅಣಕಿಸಲು ಆತನ ಮಾಜಿ ಪ್ರೇಯಸಿ ಕ್ಯಾರೊಲಿನ್ ಲ್ಯಾಂಬ್ ತನ್ನ ಕಾದಂಬರಿಯಲ್ಲಿ ಬಳಸಿದ್ದ ಹೆಸರೂ ರುತ್ವೆನ್ ಎಂಬುದೇ! ಇಂದಿನ ವ್ಯಾಂಪೈರ್ ಪ್ರೇಮಕಥೆಗಳ ಮೋಹಕ ನಾಯಕರೆಲ್ಲ ಈತನ ವಂಶದವರು.

ಕಥೆ ತನ್ನದೆಂದು ಪಾಲಿಡೋರಿ ಪತ್ರಿಕೆಗೆ ಬರೆದ. ಬೈರನ್ ಕೂಡ ನಿರಾಕರಿಸಿ, ತನ್ನ ಅಪೂರ್ಣ ತುಣುಕನ್ನು ಅದೇ ವರ್ಷ ಪ್ರಕಟಿಸಿದ. ಫಲವಾಗಲಿಲ್ಲ. ಫ್ರೆಂಚ್ ಅನುವಾದ ಬೈರನ್ ಹೆಸರಲ್ಲೇ ಹೊರಬಂತು. ಹೆಸರು ಕದ್ದವನೆಂಬ ಸಂಶಯ ಮಾತ್ರ ನಿಜವಾದ ಲೇಖಕನ ಮೇಲೆ ಉಳಿಯಿತು. ಆತನಿಗೆ ದೊರೆತದ್ದು 30 ಪೌಂಡ್.

ಲಾಭ ಪಡೆದವರು ಬೇರೆಯವರು. 1820ರಲ್ಲಿ ಸಿಪ್ರಿಯನ್ ಬೆರಾರ್ ರುತ್ವೆನ್ ಕಥೆಯನ್ನು ಕಾದಂಬರಿಯಾಗಿ ಮುಂದುವರಿಸಿದ. ಷಾರ್ಲ್ ನೋದಿಯೇ ತಂಡದ ನಾಟಕ ಪ್ಯಾರಿಸ್‌ನಲ್ಲಿ ಯಶಸ್ವಿಯಾದೊಡನೆ ಅಲ್ಲಿನ ಬೇರೆ ರಂಗಮಂದಿರಗಳೂ ಪೈಪೋಟಿಗೆ ಬಿದ್ದು ರಕ್ತಪಿಶಾಚಿಗಳನ್ನು ರಂಗಕ್ಕೇರಿಸಿದವು. ಆಗಸ್ಟ್‌ನಲ್ಲಿ ಪ್ಲಾಂಚೆಯ ರೂಪಾಂತರ ಲಂಡನ್ನಿಗೂ ಬಂತು.

ಪಾಲಿಡೋರಿ ಸಾಲದ ಸುಳಿಯಲ್ಲಿದ್ದ. 1819ರ ಆತನ ಕಾದಂಬರಿ ‘ಅರ್ನೆಸ್ಟಸ್ ಬರ್ಕ್‌ಟೋಲ್ಡ್’ ಗಮನ ಸೆಳೆಯಲಿಲ್ಲ. 1821ರ ಆಗಸ್ಟ್ 24ರಂದು ಲಂಡನ್ನಿನ ತಂದೆಯ ಮನೆಯಲ್ಲಿ ಮೃತಪಟ್ಟಾಗ ವಯಸ್ಸು 25. ವಿಚಾರಣೆಯು ಸಹಜ ಮರಣವೆಂದಿತು. ಆತ್ಮಹತ್ಯೆಯೆಂದು ಮನೆಯವರು ನಂಬಿದ್ದರು.

ಮರ್ರೆಗಾಗಿ ಬರೆದಿದ್ದ ದಿನಚರಿ ಆಗ ಅಚ್ಚಾಗಲಿಲ್ಲ. ಸಹೋದರಿ ಷಾರ್ಲಟ್ ಅದನ್ನು ನಕಲು ಮಾಡಿ, ಅನುಚಿತವೆನಿಸಿದ ಭಾಗಗಳನ್ನು ಕೈಬಿಟ್ಟು, ಮೂಲಪ್ರತಿಯನ್ನು ನಾಶಪಡಿಸಿದಳು. ಉಳಿದಷ್ಟನ್ನು ಸೋದರಳಿಯ ವಿಲಿಯಂ ಮೈಕೆಲ್ ರೊಸೆಟ್ಟಿ 1911ರಲ್ಲಿ ಪ್ರಕಟಿಸಿದ.