ಅಲ್-ಬೀರೂನಿ: ಹದಿನೇಳನೆಯ ವಯಸ್ಸಿನಲ್ಲಿ ಸೂರ್ಯನನ್ನು ಅಳೆದವರು

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಖಗೋಳ ಕ್ಲಬ್ ಶುರುವಾಯಿತು. ವಿಜ್ಞಾನದ ಸರ್ ಹೆಸರು ಕೇಳಿದಾಗ ಮೊದಲು ಕೈ ಎತ್ತಿದವಳು ನಾನೇ. ಕ್ಲಬ್ ಸೇರುವುದು ರಾತ್ರಿ ಏಳು ಗಂಟೆಗೆ, ಶಾಲೆಯ ತಾರಸಿಯ ಮೇಲೆ ಎಂದು ಆಮೇಲೆ ಗೊತ್ತಾಯಿತು. ಮಗ್ರಿಬ್ ಆದ ಮೇಲೆ ಹೆಣ್ಣುಮಕ್ಕಳು ಒಬ್ಬರೇ ಹೊರಗೆ ಹೋಗುವುದು ನಮ್ಮ ಮನೆಯಲ್ಲಿ ಇಲ್ಲ. ಅಬ್ಬಾ ಬೈಯಲಿಲ್ಲ, ಬೇಡ ಬೇಟಿ ಎಂದರು ಅಷ್ಟೇ. ಮಾರನೇ ದಿನ ನನ್ನ ಹೆಸರು ಹೊಡೆದುಹಾಕಿ ಎಂದು ಹೇಳಲು ಹೋದರೆ ಅಲ್ಲಿ ಇನ್ನೂ ಮೂವರು ಹುಡುಗಿಯರು ಅದೇ ಕೆಲಸಕ್ಕೆ ನಿಂತಿದ್ದರು. ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಹಗಲಲ್ಲಿ ಕಾಣುವ ನಕ್ಷತ್ರವೂ ಒಂದಿದೆಯಲ್ಲ, ನೀವು ನಾಲ್ವರು ಅದನ್ನು ನೋಡಿಕೊಳ್ಳಿ ಎಂದರು.

ಸೆಪ್ಟೆಂಬರ್ 23ರಂದು ಒಂದು ಮೀಟರ್ ಉದ್ದದ ಕೋಲನ್ನು ಅಂಗಳದಲ್ಲಿ ನಿಲ್ಲಿಸಿ, ನಡುಹಗಲಿನಲ್ಲಿ ಅದರ ನೆರಳು ಅತಿ ಚಿಕ್ಕದಾಗುವುದನ್ನು ಅಳೆಯುವುದು ನಮ್ಮ ಕೆಲಸ. ಆ ದಿನ ಸೂರ್ಯ ಭೂಮಧ್ಯರೇಖೆಯ ಮೇಲಿರುತ್ತಾನೆ. ಆದ್ದರಿಂದ ನೆರಳಿನಿಂದ ಸಿಗುವ ಕೋನವೇ ನಮ್ಮ ಊರಿನ ಅಕ್ಷಾಂಶ. ನೆರಳು ಚಿಕ್ಕದಾಗುವುದು ಸರಿಯಾಗಿ ಹನ್ನೆರಡಕ್ಕೆ ಎಂದು ನಾವು ತಿಳಿದಿದ್ದೆವು. ಮನೆಯಲ್ಲಿ ದಾದಿ ಅದನ್ನು ಕೇಳಿ ನಕ್ಕರು. ಮಸೀದಿಯ ನಮಾಜ್ ವೇಳಾಪಟ್ಟಿಯಲ್ಲಿ ಜವಾಲ್ ಯಾವಾಗ ಎಂದು ನೋಡು ಎಂದರು. ನೋಡಿದರೆ ಹನ್ನೆರಡು ಇಪ್ಪತ್ತರ ಹತ್ತಿರ! ಶಾಲೆಗೇ ಹೋಗದ ದಾದಿಗೆ ಅದು ಗೊತ್ತಿತ್ತು.

ನೆರಳು ಮೂವತ್ತೂವರೆ ಸೆಂಟಿಮೀಟರ್ ಬಂತು. ಲೆಕ್ಕ ಹಾಕಿದರೆ 17 ಡಿಗ್ರಿ. ದಾವಣಗೆರೆ ಇರುವುದು ಹದಿನಾಲ್ಕೂವರೆ ಡಿಗ್ರಿಯಲ್ಲಿ. ಸರ್ ನಕ್ಷೆ ತೆಗೆದು ತೋರಿಸಿದರು. ನಮ್ಮ ಲೆಕ್ಕದ ಪ್ರಕಾರ ಶಾಲೆ ವಿಜಯಪುರದ ಹತ್ತಿರ ಇತ್ತು. ಹುಡುಗರು ಒಂದು ವಾರ ನಮಗೆ ವಿಜಯಪುರ ಎಂದೇ ಹೆಸರಿಟ್ಟು ಕರೆದರು. ಅಳು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆಗ ಸರ್, ಸುಮಾರು ಸಾವಿರ ವರ್ಷಗಳ ಹಿಂದೆ ಹದಿನೇಳು ವರ್ಷದ ಒಬ್ಬ ಹುಡುಗ ಇದೇ ಕೆಲಸ ಮಾಡಿದ ಕಥೆ ಹೇಳಿದರು. ಈಗ ನನಗೂ ಹದಿನೇಳು. ಅದಕ್ಕೇ ಈ ಲೇಖನ.

ಅಬೂ ರೈಹಾನ್ ಮುಹಮ್ಮದ್ ಅಲ್-ಬೀರೂನಿ ಅವರು ಹುಟ್ಟಿದ್ದು 973ರ ಸೆಪ್ಟೆಂಬರ್‌ನಲ್ಲಿ, ಖ್ವಾರಿಜ್ಮ್ ಎಂಬ ಸೀಮೆಯ ರಾಜಧಾನಿ ಕಾಥ್ ನಗರದ ಹೊರವಲಯದಲ್ಲಿ. ಅದು ಇಂದಿನ ಉಜ್ಬೇಕಿಸ್ತಾನದಲ್ಲಿದೆ. ಬೀರೂನ್ ಎಂದರೆ ಫಾರ್ಸಿಯಲ್ಲಿ ಹೊರಗೆ. ಉರ್ದು ಮನೆಯವರಿಗೆ ಈ ಪದ ಗೊತ್ತು, ಬೀರೂನಿ ಮುಲ್ಕ್ ಎಂದರೆ ಹೊರದೇಶ. ಅಂದರೆ ಹೆಸರಿನಲ್ಲೇ ಅವರು ಹೊರಗಿನವರು. ಅವರಿಗೆ ಕಲಿಸಿದವರು ಅಬೂ ನಸ್ರ್ ಮನ್ಸೂರ್, ರಾಜಮನೆತನದವರು, ದೊಡ್ಡ ಗಣಿತಜ್ಞರು.

990ರ ಹೊತ್ತಿಗೆ, ಹದಿನೇಳನೆಯ ವಯಸ್ಸಿನಲ್ಲಿ, ಅರ್ಧರ್ಧ ಡಿಗ್ರಿಗೆ ಗೆರೆ ಎಳೆದ ಒಂದು ಲೋಹದ ಬಳೆಯಂಥ ಉಪಕರಣದಿಂದ ನಡುಹಗಲಿನ ಸೂರ್ಯನ ಎತ್ತರವನ್ನು ಅಳೆದು ಅವರು ಕಾಥ್‌ನ ಅಕ್ಷಾಂಶ ಕಂಡುಹಿಡಿದರು. ನಮ್ಮ ಕೋಲು, ಅವರ ಬಳೆ. ಕೆಲಸ ಒಂದೇ. ಆದರೆ ಅವರು ಅಷ್ಟಕ್ಕೆ ನಿಲ್ಲದೆ ಇನ್ನೂ ದೊಡ್ಡ ಉಪಕರಣಗಳನ್ನು ಮಾಡಿಸಿದರು, ವರ್ಷವಿಡೀ ನೋಡಬೇಕೆಂದು ಯೋಜನೆ ಹಾಕಿದರು. 995ರಲ್ಲಿ ಯುದ್ಧ ಶುರುವಾಯಿತು. ಗುರುಗಳ ರಾಜಮನೆತನ ಅಧಿಕಾರ ಕಳೆದುಕೊಂಡಿತು. ಬೇಸಿಗೆಯ ಒಂದು ವೀಕ್ಷಣೆ ಮುಗಿದಿತ್ತಷ್ಟೇ, ಎಲ್ಲವನ್ನೂ ಬಿಟ್ಟು ಅವರು ಓಡಿಹೋಗಬೇಕಾಯಿತು. ಆಗ ವಯಸ್ಸು ಇಪ್ಪತ್ತೆರಡು.

ಇರಾನಿನ ರಯ್ ನಗರಕ್ಕೆ ಬಂದಾಗ ಅವರ ಕೈಯಲ್ಲಿ ಹಣವಿರಲಿಲ್ಲ. ಅಲ್ಲಿನ ಒಬ್ಬ ಜ್ಯೋತಿಷಿ ಶಾಸ್ತ್ರದ ಒಂದು ವಿಷಯದಲ್ಲಿ ಅವರ ಮಾತನ್ನು ಹೀಯಾಳಿಸಿದ. ಮಾತು ತಪ್ಪಾಗಿತ್ತು ಎಂದಲ್ಲ, ಹೇಳಿದವರು ಬಡವರು ಎಂದು. ಮುಂದೆ ಅವರ ಸ್ಥಿತಿ ಸುಧಾರಿಸಿದಾಗ ಅದೇ ಮನುಷ್ಯ ಸ್ನೇಹಿತನಾದನಂತೆ. ಇದನ್ನು ಬೀರೂನಿಯವರೇ ಬರೆದಿಟ್ಟಿದ್ದಾರೆ. ಅಷ್ಟು ದೊಡ್ಡ ವಿದ್ವಾಂಸರಿಗೂ ಆ ನೋವು ಮರೆತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಬಂದರೂ ನಾನು ಸೈನ್ಸ್ ತೆಗೆದುಕೊಳ್ಳಲಿಲ್ಲ. ಕೋಚಿಂಗ್ ಫೀಸಿನ ಲೆಕ್ಕವನ್ನು ಅಬ್ಬಾ ಮಂಡಕ್ಕಿ ಭಟ್ಟಿಯ ಕೂಲಿಯ ಜೊತೆ ಕೂಡಿಸಿ ಕಳೆದು ನೋಡಿದರು, ನಾನೂ ಪಕ್ಕದಲ್ಲಿ ಕುಳಿತು ನೋಡಿದೆ. ಕಾಮರ್ಸ್ ಹುಡುಗಿಗೆ ನಕ್ಷತ್ರ ಯಾಕೆ ಎಂದು ಕೇಳುವವರು ಈಗಲೂ ಇದ್ದಾರೆ.

ನಮ್ಮ ಕ್ಲಬ್ಬಿನಲ್ಲಿ ಎಲ್ಲರಿಗೂ ಇಷ್ಟವಾಗಿದ್ದ ಕಥೆ 997ರ ಮೇ 24ರ ಚಂದ್ರಗ್ರಹಣದ್ದು. ಬೀರೂನಿಯವರು ಮತ್ತೆ ಕಾಥ್‌ನಲ್ಲಿದ್ದರು. ಬಗ್ದಾದಿನಲ್ಲಿ ಅಬುಲ್ ವಫಾ ಎಂಬ ಹಿರಿಯ ಗಣಿತಜ್ಞರಿದ್ದರು. ಇಬ್ಬರೂ ಮೊದಲೇ ಮಾತಾಡಿಕೊಂಡು, ಒಂದೇ ಗ್ರಹಣವನ್ನು ಎರಡು ಊರುಗಳಿಂದ ನೋಡಿದರು. ಚಂದ್ರನ ಮೇಲೆ ನೆರಳು ಬೀಳುವ ಕ್ಷಣ ಎಲ್ಲರಿಗೂ ಒಂದೇ, ಆದರೆ ಆಗ ಎರಡು ಊರುಗಳ ಸಮಯ ಬೇರೆ ಬೇರೆ. ಒಂದು ಗಂಟೆಯ ವ್ಯತ್ಯಾಸ ಎಂದರೆ ರೇಖಾಂಶದಲ್ಲಿ 15 ಡಿಗ್ರಿ. ಅವರಿಗೆ ಸಿಕ್ಕ ವ್ಯತ್ಯಾಸ ಸುಮಾರು ಒಂದು ಗಂಟೆ. ಫೋನಿಲ್ಲದ ಕಾಲದಲ್ಲಿ ಇಬ್ಬರು ಮನುಷ್ಯರು ಪತ್ರದ ಮೇಲೆ ನಂಬಿಕೆಯಿಟ್ಟು ಒಂದೇ ರಾತ್ರಿ ಆಕಾಶ ನೋಡಿದ್ದನ್ನು ನೆನೆದರೆ ಮೈ ಝುಮ್ ಎನ್ನುತ್ತದೆ.

1000ನೇ ಇಸವಿಯ ಸುಮಾರಿಗೆ ಬೇರೆ ಬೇರೆ ಜನಾಂಗಗಳ ಪಂಚಾಂಗ, ಹಬ್ಬ, ಕಾಲಗಣನೆಗಳ ಬಗ್ಗೆ ದೊಡ್ಡ ಗ್ರಂಥ ಬರೆದರು. ಆಮೇಲೆ ತಮ್ಮ ಸೀಮೆಗೆ ಮರಳಿ ಅರಮನೆಯಲ್ಲಿ ಕೆಲಸ ಮಾಡಿದರು. 1017ರಲ್ಲಿ ಗಜ್ನಿಯ ಮಹಮೂದ್ ಖ್ವಾರಿಜ್ಮ್ ಗೆದ್ದುಕೊಂಡ. ಸೆರೆಯಾಳುಗಳ ಜೊತೆ ವಿದ್ವಾಂಸರನ್ನೂ ಗಜ್ನಿಗೆ ಒಯ್ದ. ಬೀರೂನಿಯವರೂ ಅವರ ಗುರು ಅಬೂ ನಸ್ರ್ ಅವರೂ ಅದರಲ್ಲಿದ್ದರು. ನಲವತ್ತು ದಾಟಿದ ವಯಸ್ಸಿನಲ್ಲಿ, ತಾವು ಆರಿಸಿಕೊಳ್ಳದ ಊರಿನಲ್ಲಿ, ತಾವು ಆರಿಸಿಕೊಳ್ಳದ ದೊರೆಯ ಕೈಕೆಳಗೆ ಉಳಿದ ಬದುಕು.

1018ರ ಅಕ್ಟೋಬರ್‌ನಲ್ಲಿ ಅವರು ಕಾಬೂಲ್ ಹತ್ತಿರದ ಒಂದು ಹಳ್ಳಿಯಲ್ಲಿದ್ದರು. ಸೂರ್ಯನ ಎತ್ತರ ಅಳೆಯಬೇಕು, ಉಪಕರಣ ಒಂದೂ ಇಲ್ಲ. ಲೆಕ್ಕ ಬರೆಯುವ ಹಲಗೆಯನ್ನು ತಿರುಗಿಸಿ, ಅದರ ಹಿಂಬದಿಯಲ್ಲಿ ಕಮಾನು ಬರೆದು ಡಿಗ್ರಿಗಳ ಗೆರೆ ಹಾಕಿ, ಗುಂಡು ಕಟ್ಟಿದ ದಾರ ಇಳಿಬಿಟ್ಟು ಅಳೆದೇಬಿಟ್ಟರು. ನಾವು ಕ್ಲಬ್ಬಿನಲ್ಲಿ ರಟ್ಟು, ಕೋನಮಾಪಕ, ದಾರ ಮತ್ತು ಒಂದು ನಟ್ಟಿನಿಂದ ಮಾಡಿದ್ದು ಇದನ್ನೇ. ಅವರ ಜೀವನದಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಹಲಗೆ.

ಹೆಚ್ಚು ಜನರಿಗೆ ಗೊತ್ತಿರುವುದು ನಂದನಾ ಕೋಟೆಯ ಪ್ರಯೋಗ. ಅದು ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿದೆ. ಹಿಂದೆ ಖಲೀಫ ಮಾಮೂನನ ಕಾಲದಲ್ಲಿ ಭೂಮಿಯನ್ನು ಅಳೆಯಲು ವಿದ್ವಾಂಸರು ಮರುಭೂಮಿಯಲ್ಲಿ ಹಗ್ಗ ಹಿಡಿದು ಮೈಲಿಗಟ್ಟಲೆ ನಡೆದಿದ್ದರು. ಬೀರೂನಿಯವರು ನಡೆಯಲಿಲ್ಲ. ಬಯಲಿನಿಂದ ಒಂದು ಬೆಟ್ಟದ ಎತ್ತರವನ್ನು ಅಳೆದರು, ಸುಮಾರು 652 ಮೊಳ. ಆಮೇಲೆ ಬೆಟ್ಟ ಹತ್ತಿ, ಭೂಮಿ ಆಕಾಶ ಸೇರುವ ಗೆರೆ ಸಮಮಟ್ಟಕ್ಕಿಂತ ಎಷ್ಟು ಕೆಳಗೆ ಕಾಣುತ್ತದೆ ಎಂದು ನೋಡಿದರು. ಡಿಗ್ರಿಯ ಅರವತ್ತು ಭಾಗಗಳಲ್ಲಿ 34 ಭಾಗ ಬಂತು. ಈ ಎರಡು ಅಂಕಿಗಳಿಂದ ಇಡೀ ಭೂಮಿಯ ತ್ರಿಜ್ಯ! ಯೂಟ್ಯೂಬ್ ವಿಡಿಯೊಗಳಲ್ಲಿ ಉತ್ತರ ಶೇಕಡಾ 99ಕ್ಕಿಂತ ಹೆಚ್ಚು ಸರಿ ಎನ್ನುತ್ತಾರೆ. ಅವರ ಮೊಳ ನಮ್ಮ ಎಷ್ಟು ಸೆಂಟಿಮೀಟರ್ ಎಂದು ಹಿಡಿಯುತ್ತೇವೋ ಅದರ ಮೇಲೆ ಆ ಶೇಕಡಾ ಬದಲಾಗುತ್ತದೆ, ಗಾಳಿಯಲ್ಲಿ ಬೆಳಕು ಬಾಗುವುದೂ ಕೋನವನ್ನು ಕೆಡಿಸುತ್ತದೆ ಎಂದು ಸರ್ ಎಚ್ಚರಿಸಿದ್ದರು. ನಮ್ಮವರು ಎಂಬ ಹೆಮ್ಮೆಯಿಂದ ಅಂಕಿ ಹಿಗ್ಗಿಸಿದರೆ ಬೀರೂನಿಯವರೇ ಒಪ್ಪುತ್ತಿರಲಿಲ್ಲ.

ಯಾಕೆಂದರೆ ಅವರ ಸ್ವಭಾವ ಹಾಗಿತ್ತು. ಭಾರತದ ಬಗ್ಗೆ ತಮ್ಮ ಜನ ಬರೆದದ್ದೆಲ್ಲ ಒಬ್ಬರಿಂದ ಒಬ್ಬರು ನಕಲು ಮಾಡಿದ ಕೇಳಿಕೆಯ ಮಾತು ಎಂದು ಕಂಡು, ಅವರು ಸಂಸ್ಕೃತ ಕಲಿಯಲು ಕುಳಿತರು. ಆ ವಯಸ್ಸಿನಲ್ಲಿ! ದೂರದ ಊರುಗಳಿಂದ ಪುಸ್ತಕ ತರಿಸಿ, ಪಂಡಿತರನ್ನು ಕರೆಸಿ, ಅವರ ಮುಂದೆ ಶಿಷ್ಯನಂತೆ ಕುಳಿತರು. ಅವರ ಮಾತೃಭಾಷೆ ಖ್ವಾರಿಜ್ಮಿ, ಬರೆದದ್ದು ಹೆಚ್ಚಾಗಿ ಅರಬಿಯಲ್ಲಿ. ಮನೆಯಲ್ಲಿ ಉರ್ದು, ಅಕೌಂಟೆನ್ಸಿ ಇಂಗ್ಲಿಷಿನಲ್ಲಿ, ಈ ಲೇಖನ ಕನ್ನಡದಲ್ಲಿ ಎನ್ನುವ ನಮಗೆ ಈ ಕಷ್ಟ ಸ್ವಲ್ಪ ಅರ್ಥವಾಗುತ್ತದೆ. ನನಗೆ ಅಲ್ಪಪ್ರಾಣ ಮಹಾಪ್ರಾಣ ಈಗಲೂ ತಪ್ಪುತ್ತದೆ, ಕನ್ನಡ ಮೇಡಂ ಇದನ್ನು ತಿದ್ದಿಕೊಟ್ಟಿದ್ದಾರೆ.

1030ರ ಸುಮಾರಿಗೆ ಮುಗಿದ ಅವರ ಕಿತಾಬುಲ್ ಹಿಂದ್‌ನಲ್ಲಿ 80 ಅಧ್ಯಾಯಗಳಿವೆ. ವಾದ ಮಾಡಿ ಗೆಲ್ಲುವುದಕ್ಕಲ್ಲ, ಇದ್ದದ್ದನ್ನು ಇದ್ದಂತೆ ಹೇಳುವುದಕ್ಕೆ ಬರೆಯುತ್ತಿದ್ದೇನೆ ಎಂಬುದು ಅವರ ನಿಲುವು. ಒಪ್ಪಿಗೆಯಾಗದ್ದನ್ನು ಮುಚ್ಚುಮರೆಯಿಲ್ಲದೆ ಟೀಕಿಸಿದ್ದಾರೆ. ಅದೇ ಪುಸ್ತಕದಲ್ಲಿ, ಮಹಮೂದನ ದಾಳಿಗಳು ಈ ದೇಶದ ಸಮೃದ್ಧಿಯನ್ನು ಹಾಳುಮಾಡಿದವು, ಅದರಿಂದಾಗಿ ಇಲ್ಲಿನ ವಿದ್ಯೆ ಕಾಶ್ಮೀರ, ಕಾಶಿಯಂಥ ದೂರದ ಜಾಗಗಳಿಗೆ ಸರಿದುಹೋಯಿತು ಎಂದೂ ಬರೆದಿದ್ದಾರೆ. ಬರೆದದ್ದು ಆ ದೊರೆಯ ಮನೆತನದ ಅನ್ನ ತಿನ್ನುತ್ತಲೇ. ಇತಿಹಾಸದ ಪಾಠದಲ್ಲಿ ಮಹಮೂದನ ಹೆಸರು ಬಂದಾಗ ಹೈಸ್ಕೂಲಿನಲ್ಲಿ ಕೆಲವರು ತಿರುಗಿ ನಮ್ಮ ಬೆಂಚಿನ ಕಡೆ ನೋಡುತ್ತಿದ್ದರು. ಆಗ ನನಗೆ ಈ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ತಲೆ ತಗ್ಗಿಸುತ್ತಿರಲಿಲ್ಲ.

ಪುಸ್ತಕದಲ್ಲಿ ಭಾರತದ ಲಿಪಿಗಳ ಪಟ್ಟಿಯೊಂದಿದೆ. ಅದರಲ್ಲಿ ಕರ್ಣಾಟ ಲಿಪಿಯ ಹೆಸರೂ ಇದೆ, ಅದು ಕರ್ಣಾಟ ದೇಶದ್ದು, ಸೈನ್ಯಗಳಲ್ಲಿ ಕನ್ನರ ಎಂದು ಕರೆಯುವ ಸೈನಿಕರು ಅಲ್ಲಿಯವರು ಎಂದು ವಿವರಣೆಯೂ ಇದೆ. ಇಲ್ಲಿಗೆ ಅವರು ಬಂದವರಲ್ಲ, ಆದರೂ ನಮ್ಮ ಅಕ್ಷರ ಅವರ ಪುಸ್ತಕ ಸೇರಿತು. ಕಾಮರ್ಸಿನವರಿಗೆ ಇನ್ನೊಂದು ಸಂತೋಷದ ಸುದ್ದಿ: ಭಾರತದ ತ್ರೈರಾಶಿಕದ ಬಗ್ಗೆಯೇ ಅವರು ಒಂದು ಪುಸ್ತಕ ಬರೆದಿದ್ದಾರೆ. ಐದು ಸೇರಿಗೆ ಇಷ್ಟಾದರೆ ಎಂಟು ಸೇರಿಗೆ ಎಷ್ಟು ಎಂಬ ನಮ್ಮ ಅಂಗಡಿ ಲೆಕ್ಕವೇ ಅದು.

ಮಹಮೂದನ ಮಗ ಮಸೂದನಿಗೆ ಖಗೋಳಶಾಸ್ತ್ರದ ಮಹಾಗ್ರಂಥ ಅರ್ಪಿಸಿದಾಗ ಆತ ಒಂದು ಆನೆ ಹೊರುವಷ್ಟು ಬೆಳ್ಳಿ ಕಳಿಸಿದ, ಇವರು ಹಿಂದಿರುಗಿಸಿದರು ಎಂಬ ಕಥೆಯಿದೆ. ಅರವತ್ತು ದಾಟಿದ ಮೇಲೆ ತಮ್ಮ ಪುಸ್ತಕಗಳ ಪಟ್ಟಿ ಮಾಡಿದರು, ಆಗಲೇ ನೂರು ಮೀರಿತ್ತು. 1048ರ ಸುಮಾರಿಗೆ ಗಜ್ನಿಯಲ್ಲೇ ತೀರಿಕೊಂಡರು. ಚಂದ್ರನ ಮೇಲೆ ಒಂದು ಕುಳಿಗೆ ಅವರ ಹೆಸರಿದೆ, ಆದರೆ ಅದು ಅಂಚಿನ ಆಚೆ ಇರುವುದರಿಂದ ನಮಗೆ ಸಾಮಾನ್ಯವಾಗಿ ಕಾಣುವುದಿಲ್ಲ.

ಅವರ ಕೊನೆಯ ಗಳಿಗೆಯ ಬಗ್ಗೆ ಯಾಕೂತ್ ಎಂಬ ಲೇಖಕರು ಬರೆದಿಟ್ಟ ಕಥೆ ಹೀಗಿದೆ. ಉಸಿರು ಎಳೆಯುತ್ತಿದ್ದ ಅವರನ್ನು ನೋಡಲು ಒಬ್ಬ ಧರ್ಮಶಾಸ್ತ್ರಜ್ಞರು ಬಂದರು. ಬೀರೂನಿಯವರು ಅವರನ್ನು ಹಿಂದೊಮ್ಮೆ ಮಾತಾಡಿದ್ದ ವಿರಾಸತ್ ಲೆಕ್ಕದ ಬಗ್ಗೆ, ಅಜ್ಜಿಗೆ ಸಿಗುವ ಪಾಲಿನ ಬಗ್ಗೆ ಕೇಳಿದರು. ಈ ಸ್ಥಿತಿಯಲ್ಲಿ ಇದೇಕೆ ಎಂದು ಬಂದವರು ಮರುಗಿದರು. ತಿಳಿಯದೆ ಹೋಗುವುದಕ್ಕಿಂತ ತಿಳಿದು ಹೋಗುವುದು ಮೇಲಲ್ಲವೇ ಎಂದರಂತೆ ಬೀರೂನಿ. ಅವರು ವಿವರಿಸಿದರು, ಇವರು ಕೇಳಿ ನೆನಪಿಟ್ಟುಕೊಂಡರು. ಬಂದವರು ಹೊರಟು ದಾರಿಯಲ್ಲಿರುವಾಗಲೇ ಮನೆಯಿಂದ ಅಳುವಿನ ದನಿ ಕೇಳಿತು.

ಈ ಸೆಪ್ಟೆಂಬರ್ 23ರಂದು ನಾನು ಮನೆಯ ತಾರಸಿಯಲ್ಲಿ ಮತ್ತೆ ಕೋಲು ನಿಲ್ಲಿಸಿದೆ. ಹಿಂದಿನ ಸಲದ ತಪ್ಪು ಈಗ ಗೊತ್ತಿದೆ. ಮಳೆ ನೀರು ಹರಿದುಹೋಗಲೆಂದು ಶಾಲೆಯ ಅಂಗಳವನ್ನು ಇಳಿಜಾರು ಮಾಡಿದ್ದರು, ಕೋಲೂ ಅದರ ಜೊತೆ ವಾಲಿತ್ತು. ಈ ಬಾರಿ ಗಾರೆ ಕೆಲಸದ ಮಾಮೂ ಅವರಿಂದ ದಾರದ ಗುಂಡು ಮತ್ತು ನೀರಿನ ಮಟ್ಟ ಎರಡನ್ನೂ ಕೇಳಿ ತಂದಿದ್ದೆ. ದಾದಿ ಗಡಿಯಾರ ಹಿಡಿದು ಮೆಟ್ಟಿಲ ಹತ್ತಿರ ಕುಳಿತಿದ್ದರು. ನೆರಳು ಇಪ್ಪತ್ತಾರೂವರೆ ಸೆಂಟಿಮೀಟರ್, ಕೋನ 14.8 ಡಿಗ್ರಿ. ನಕ್ಷೆಯಲ್ಲಿ ನೋಡಿದೆ. ವಿಜಯಪುರದಿಂದ ಹರಪನಹಳ್ಳಿಯವರೆಗೆ ಬಂದಿದ್ದೇನೆ.