ನಕ್ಷತ್ರಗಳ ಲೆಕ್ಕ ಹಿಡಿದ ವೈನು ಬಾಪು

ನಮ್ಮ ವೈಟ್‌ಫೀಲ್ಡ್ ಕಡೆ ರಾತ್ರಿ ತಲೆ ಎತ್ತಿ ನೋಡಿದರೆ ಹತ್ತು ಹದಿನೈದು ನಕ್ಷತ್ರ ಕಂಡರೆ ಹೆಚ್ಚು. ಟೆಕ್ ಪಾರ್ಕುಗಳ ದೀಪ ಉಳಿದವನ್ನೆಲ್ಲ ನುಂಗಿಬಿಡುತ್ತದೆ. ಆದರೆ ಪಕ್ಕದ ಹೊಸಕೋಟೆಯಲ್ಲಿ ಕುಳಿತ ವಿಜ್ಞಾನಿಗಳು ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುತ್ತಾರೆ. ಆ ಕೇಂದ್ರ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ಗೆ ಸೇರಿದ್ದು. ಆ ಸಂಸ್ಥೆಯನ್ನು ಕಟ್ಟಿದವರು ಡಾ. ವೈನು ಬಾಪು.

ಬಾಪು ಅವರು 1927ರ ಆಗಸ್ಟ್ 10ರಂದು ಮದ್ರಾಸಿನಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ಬೆಳೆದರು. ಅವರ ತಂದೆ ಅಲ್ಲಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ನವಾಬ್ ಜಫರ್ ಜಂಗ್ ಅವರು ಸ್ವಂತ ಹಣದಿಂದ ದೂರದರ್ಶಕ ತರಿಸಿ ಆರಂಭಿಸಿದ ವೀಕ್ಷಣಾಲಯ ಅದು. ನಿಜಾಮ್ ಕಾಲೇಜಿನಲ್ಲಿ ಓದಿದ ಬಾಪು, ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡ್‌ಗೆ ಹೋದರು. ಹೋದ ವರ್ಷವೇ, 1949ರಲ್ಲಿ, ಒಂದು ಹೊಸ ಧೂಮಕೇತುವನ್ನು ಕಂಡುಹಿಡಿದರು. ಅದಕ್ಕೆ ಬಾಪು-ಬಾಕ್-ನ್ಯೂಕಿರ್ಕ್ ಎಂಬ ಹೆಸರಾಯಿತು. ಆಗ ಅವರಿಗೆ 21 ವರ್ಷ. ಮುಂದೆ ವಿಲ್ಸನ್ ಎಂಬ ವಿಜ್ಞಾನಿಯ ಜೊತೆ ಸೇರಿ, ತಂಪು ನಕ್ಷತ್ರಗಳ ಬೆಳಕಿನಲ್ಲಿರುವ ಒಂದು ಗೆರೆಯ ಅಗಲ ಅಳೆದು ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುವ ದಾರಿ ತೋರಿಸಿದರು. 1957ರಲ್ಲಿ ಪ್ರಕಟವಾದ ಇದನ್ನು ಈಗಲೂ ವಿಲ್ಸನ್-ಬಾಪು ಪರಿಣಾಮ ಎನ್ನುತ್ತಾರೆ.

ಅಮೆರಿಕದಲ್ಲೇ ಉಳಿದಿದ್ದರೆ ದೊಡ್ಡ ದೂರದರ್ಶಕಗಳು ಅವರ ಕೈಗೆ ಸಿಗುತ್ತಿದ್ದವು. ಅವರು ಭಾರತಕ್ಕೆ ಮರಳಿದರು. ಮೊದಲು ನೈನಿತಾಲ್‌ನಲ್ಲಿ ಕೆಲಸ ಮಾಡಿ, 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು.

ಅವರಿಗೆ ಬಹಳ ಇಷ್ಟವಾದ ವಿಷಯ ವುಲ್ಫ್-ರಾಯೆ ಎಂಬ ಬಿಸಿ ನಕ್ಷತ್ರಗಳು. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಬಿಸಿ ಇದ್ದರೆ ಇವು 30,000 ಡಿಗ್ರಿಗೂ ಮೇಲೆ. ಇವುಗಳಿಂದ ಅನಿಲ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ವೇಗದಲ್ಲಿ ಹೊರಗೆ ನುಗ್ಗುತ್ತದೆ. ಇಂಥ ಹಲವು ನಕ್ಷತ್ರಗಳಿಗೆ ಒಂದು ಜೊತೆ ನಕ್ಷತ್ರವೂ ಇರುತ್ತದೆ. ಎರಡರ ಗಾಳಿ ಡಿಕ್ಕಿ ಹೊಡೆದಲ್ಲಿ ಎಕ್ಸ್-ರೇ ಹೊಮ್ಮುತ್ತದೆ.

ನಾವು ಕಾಮರ್ಸ್‌ನವರು ಇದನ್ನು ಪಾಲುದಾರಿಕೆ ಸಂಸ್ಥೆ ಎಂದುಕೊಳ್ಳಬಹುದು. ಒಬ್ಬಂಟಿ ನಕ್ಷತ್ರದ ತೂಕ ತಿಳಿಯುವುದು ಕಷ್ಟ. ಜೋಡಿಯಿದ್ದರೆ ಒಂದು ಇನ್ನೊಂದನ್ನು ಎಷ್ಟು ಎಳೆಯುತ್ತದೆ ಎಂದು ನೋಡಿ ಇಬ್ಬರ ಬಂಡವಾಳವನ್ನೂ ಲೆಕ್ಕ ಹಾಕಬಹುದು. ಗಾಮಾ ವೆಲೋರಮ್ ಅಂಥದೇ ಜೋಡಿ. ಅದಕ್ಕೆ ಸುಹೈಲ್ ಅಲ್ ಮುಹ್ಲಿಫ್ ಎಂಬ ಅರಬ್ಬಿ ಹೆಸರೂ ಇದೆ. ಎರಡೂ ಒಂದನ್ನೊಂದು ಸುತ್ತಲು ಸುಮಾರು 78.5 ದಿನ ಬೇಕು. ಬಾಪು ಮತ್ತು ಸಹೋದ್ಯೋಗಿ 1960ರ ದಶಕದಲ್ಲಿ ಈ ಜೋಡಿಯ ಲೆಕ್ಕವನ್ನು ಮಾಡಿದರು.

ದಕ್ಷಿಣದ ಆಕಾಶ ಚೆನ್ನಾಗಿ ಕಾಣುವ ಕತ್ತಲೆಯ ಜಾಗ ಹುಡುಕಿ, ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರನ್ನು ಅವರು ಆರಿಸಿದರು. 1968ರಲ್ಲಿ ಅಲ್ಲಿ ಮೊದಲು ಕೆಲಸ ಆರಂಭಿಸಿದ್ದು 38 ಸೆಂಟಿಮೀಟರ್‌ನ ಸಣ್ಣ ದೂರದರ್ಶಕ. 1972ರಲ್ಲಿ 1 ಮೀಟರ್‌ನದು ಬಂತು. 1977ರಲ್ಲಿ ಯುರೇನಸ್ ಗ್ರಹದ ಉಂಗುರಗಳ ಸುಳಿವು ಕಂಡ ಜಾಗಗಳಲ್ಲಿ ಕಾವಲೂರೂ ಒಂದು. ಅಷ್ಟರಲ್ಲಿ ಅವರ ಸಂಸ್ಥೆ ಬೆಂಗಳೂರಿಗೆ ಬಂದಿತ್ತು.

ಇನ್ನೂ ದೊಡ್ಡದನ್ನು ಹೊರಗಿನಿಂದ ಕೊಳ್ಳದೆ ಇಲ್ಲೇ ತಯಾರಿಸಬೇಕೆಂದು ಅವರು ಹಟ ಹಿಡಿದರು. ಅದು 2.3 ಮೀಟರ್ ಕನ್ನಡಿಯ ದೂರದರ್ಶಕ. ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ದುಡಿಯುವವರಿಗೆ ಒಂದು ಮೈಕ್ರಾನ್ ಎಂದರೆ ಎಷ್ಟು ಸಣ್ಣದೆಂದು ಗೊತ್ತು. ಇಂಥ ಕನ್ನಡಿಯನ್ನು ಅದಕ್ಕಿಂತಲೂ ಸೂಕ್ಷ್ಮವಾಗಿ ಉಜ್ಜಿ ನುಣುಪು ಮಾಡಬೇಕು. ಅದಕ್ಕೆ ವರ್ಷಗಳೇ ಹಿಡಿದವು.

1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. 1981ರಲ್ಲಿ ಪದ್ಮಭೂಷಣ ಬಂತು. ಆದರೆ 1982ರ ಆಗಸ್ಟ್ 19ರಂದು, 55 ತುಂಬಿ ಒಂಬತ್ತೇ ದಿನಕ್ಕೆ, ಜರ್ಮನಿಯ ಮ್ಯೂನಿಕ್‌ನಲ್ಲಿ ತೀರಿಕೊಂಡರು. ದೂರದರ್ಶಕ ಇನ್ನೂ ಮುಗಿದಿರಲಿಲ್ಲ. 1986ರಲ್ಲಿ ಅದನ್ನು ರಾಷ್ಟ್ರಕ್ಕೆ ಅರ್ಪಿಸಿ ಅವರ ಹೆಸರನ್ನೇ ಇಟ್ಟರು.

ಯಾವ ಓದಿಗೂ ಇದರಿಂದ ಲಾಭವೇನು ಎಂದು ಮನೆಯಲ್ಲಿ ಕೇಳುವ ಕಾಲ ಇದು. ಬಾಪು ಅವರು ಹಾಕಿದ ಬಂಡವಾಳದ ಲಾಭ ಅವರ ಕಣ್ಣಿಗೆ ಬೀಳಲಿಲ್ಲ. ಬೇರೆಯವರು ಆ ಕನ್ನಡಿಯಲ್ಲಿ ನಕ್ಷತ್ರ ನೋಡುತ್ತಿದ್ದಾರೆ. ಇಂಥ ಲೆಕ್ಕಕ್ಕೂ ನಮ್ಮ ಪುಸ್ತಕದಲ್ಲಿ ಒಂದು ಪುಟ ಇರಬೇಕು.